ಮೂಗು ಅಳೆದವರು, ವಂಶವಾಹಿ ಓದಿದವರು

ಬದುಕಿರುವುದೆಲ್ಲ ಒಂದೇ ಬೇರಿನಿಂದ ಕವಲೊಡೆದದ್ದು, ಕವಲುಗಳಲ್ಲಿ ಮೇಲಿನದು ಕೆಳಗಿನದು ಅಂತ ಇಲ್ಲ ಎಂದು ಹೇಳುವ ಶಾಸ್ತ್ರವೊಂದು ಉಂಟು. ಅದಕ್ಕೆ ಜೀವವಿಕಾಸ ಶಾಸ್ತ್ರ ಅಂತ ಹೆಸರು. ಇಷ್ಟು ದೊಡ್ಡ ಸಮತೆಯ ಮಾತನ್ನಾಡುವ ಶಾಸ್ತ್ರ ನಮ್ಮ ಸೀಮೆಯ ಕೊಪ್ಪಗಳಿಗೆ, ಕಾಡಂಚಿನ ಗುಡಿಸಲುಗಳಿಗೆ ಮೊದಲು ಬಂದಾಗ ಅದರ ಕೈಯಲ್ಲಿ ಪುಸ್ತಕ ಇರಲಿಲ್ಲ, ಕ್ಯಾಲಿಪರ್ ಇತ್ತು. ಮೂಗು ಅಳೆಯುವುದಕ್ಕೆ.

ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯದ ಒಂದು ಜಿಲ್ಲೆ. ಮದ್ರಾಸಿನ ಸರ್ಕಾರಿ ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಮೊದಲು ಕೈಹಾಕಿದ್ದು ಸಮುದ್ರದ ಮುತ್ತು, ಶಂಖ, ಹವಳಗಳ ಅಧ್ಯಯನಕ್ಕೆ. ಹವಳದ ಪಟ್ಟಿ ಮಾಡಿದ ಅದೇ ಕೈ ಆಮೇಲೆ ಜಾತಿಗಳ ಪಟ್ಟಿ ಮಾಡಿತು. 1909ರಲ್ಲಿ ರಂಗಾಚಾರಿಯವರ ನೆರವಿನಿಂದ ಏಳು ಸಂಪುಟಗಳು ಹೊರಬಂದವು. ದಕ್ಷಿಣ ಭಾರತದ ಜಾತಿಗಳು, ಬುಡಕಟ್ಟುಗಳೆಲ್ಲ ಅಲ್ಲಿ ಅಕಾರಾದಿಯಾಗಿ ನಿಂತಿವೆ, ಮ್ಯೂಸಿಯಂ ಬಾಟಲಿಗಳ ಹಾಗೆ. ಕೊರಗರು ಇದ್ದಾರೆ, ಹೊಲೆಯರು ಇದ್ದಾರೆ. ಮಲೆಕುಡಿಯರ ಬಗ್ಗೆ ಹೇಳುವಾಗ ನೆರಿಯ, ಧರ್ಮಸ್ಥಳ, ಶಿಶಿಲದ ಹೆಸರು ಬರುತ್ತದೆ. ಮೂರೂ ಇವತ್ತಿನ ಬೆಳ್ತಂಗಡಿ ತಾಲೂಕಿನವು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಬ್ರಿಟಿಷ್ ಅಧಿಕಾರಿ ರಿಸ್ಲೆ, ಆ ಸಂಖ್ಯೆ ಏರಿದ ಹಾಗೆ ಜಾತಿ ಇಳಿಯುತ್ತದೆ ಅಂತ ಸಾರಿದ. ಮೇಲ್ಜಾತಿಯ ಎಷ್ಟೋ ವಿದ್ಯಾವಂತರಿಗೆ ಅದು ಕೇಳಲು ಇಂಪಾಗಿತ್ತು. ಶಾಸ್ತ್ರ ಹೇಳಿದ್ದನ್ನು ಸೈನ್ಸ್ ಕೂಡ ಹೇಳಿತಲ್ಲ!

ಈ ಲೆಕ್ಕವನ್ನು ತಿರುಗಿಸಿ ಅವರ ಮುಖಕ್ಕೆ ಹಿಡಿದವರು ಬಾಬಾಸಾಹೇಬರು. ಅಸ್ಪೃಶ್ಯರು ಯಾರು ಎಂದು ವಿಚಾರಿಸಿ 1948ರಲ್ಲಿ ಬರೆದ ಪುಸ್ತಕದಲ್ಲಿ ಅಂಬೇಡ್ಕರ್ ಅದೇ ಮೂಗಿನ ಅಳತೆಗಳನ್ನು ಕೈಗೆತ್ತಿಕೊಂಡರು. ಪ್ರಾಂತ್ಯ ಪ್ರಾಂತ್ಯವಾಗಿ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರು. ಬ್ರಾಹ್ಮಣನ ಅಳತೆಗೂ ಅಸ್ಪೃಶ್ಯನ ಅಳತೆಗೂ ಬೇರೆ ಬೇರೆ ಕುಲ ಎನ್ನುವಷ್ಟು ಅಂತರವೇ ಇಲ್ಲ, ಹಾಗಾಗಿ ಅಸ್ಪೃಶ್ಯತೆಗೆ ಜನಾಂಗದ ಬುಡ ಇಲ್ಲ ಅಂತ ತೋರಿಸಿದರು. ಅವರು ವಿಜ್ಞಾನವನ್ನು ಬೈದು ಆಚೆ ತಳ್ಳಲಿಲ್ಲ, ಅದರ ಕೈಯಿಂದ ಕ್ಯಾಲಿಪರ್ ಕಿತ್ತುಕೊಂಡು ಸರಿಯಾಗಿ ಅಳೆದರು. ಈ ವ್ಯತ್ಯಾಸವನ್ನು ನಾವು ಮರೆಯಬಾರದು. ಪಶ್ಚಿಮದ ವಿಜ್ಞಾನ ನಮಗೆ ಬೇಡ ಅಂತ ಇತ್ತೀಚೆಗೆ ನಮ್ಮ ನಡುವೆಯೂ ಕೆಲವರು ಹೇಳುವುದುಂಟು. ಬೇಡ ಅಂದರೆ ಅದು ಯಾರ ಕೈಯಲ್ಲಿ ಉಳಿಯುತ್ತದೆ?

ಥರ್ಸ್ಟನ್‌ನ ಸಂಪುಟ ಅಚ್ಚಾಗುವ ಹೊತ್ತಿಗೆ ಡಾರ್ವಿನ್ನನ ಪುಸ್ತಕ ಬಂದು ಸರಿಯಾಗಿ ಐವತ್ತು ವರ್ಷವಾಗಿತ್ತು. 1859ರ ಆ ಪುಸ್ತಕದಲ್ಲಿ ಮೆಟ್ಟಿಲಿಲ್ಲ, ಮರ ಇದೆ. ಅದರಲ್ಲಿ ಇರುವ ಒಂದೇ ಒಂದು ಚಿತ್ರ ಕವಲೊಡೆಯುವ ಗೆರೆಗಳದ್ದು. ಕೋತಿ ಮೆಟ್ಟಿಲು ಹತ್ತಿ ಹತ್ತಿ ಮನುಷ್ಯ ಆಯಿತು ಅಂತ ನಾವು ಶಾಲೆಗಳ ಗೋಡೆಯಲ್ಲಿ ನೋಡುವ ಸಾಲುಚಿತ್ರ ಉಂಟಲ್ಲ, ಅದು ಡಾರ್ವಿನ್ನನದ್ದಲ್ಲ, ಅದು ಮೆಟ್ಟಿಲಿಲ್ಲದೆ ಯೋಚಿಸಲು ಬಾರದವರದ್ದು. ಇವತ್ತು ಇರುವ ಕೋತಿ ನಮ್ಮ ಅಜ್ಜ ಅಲ್ಲ, ದಾಯಾದಿ. ನಮ್ಮಷ್ಟೇ ಕಾಲ ನಡೆದು ಬಂದದ್ದು.

ಡಾರ್ವಿನ್ ತನ್ನ ಮಾತನ್ನು ಶುರುಮಾಡಿದ್ದು ದೂರದ ದ್ವೀಪದಿಂದಲ್ಲ, ಮನೆಯಲ್ಲಿ ಸಾಕಿದ ಪಾರಿವಾಳದಿಂದ. ಸಾಕುವವನು ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಬಿಟ್ಟರೆ ತಲೆಮಾರುಗಳಲ್ಲಿ ತಳಿ ಬದಲಾಗುತ್ತದೆ. ಸಾಕುವವನಿಲ್ಲದ ಕಡೆ ಬಿಸಿಲು, ಮಳೆ, ಹಸಿವು, ರೋಗ ಆ ಕೆಲಸ ಮಾಡುತ್ತವೆ. ಆತ ನಮ್ಮ ಕಡೆ ಬಂದಿದ್ದರೆ ಪಾರಿವಾಳ ಬೇಕಾಗಿರಲಿಲ್ಲ, ಭತ್ತದ ಮುಡಿ ಸಾಕಿತ್ತು. ಕಜೆ ಭತ್ತ, ಕಯಮೆ, ಗಂಧಸಾಲೆ, ಅತಿಕಾಯ ಇವೆಲ್ಲ ತಾವಾಗಿ ಬೈಲಿಗೆ ಇಳಿದು ಬಂದವಲ್ಲ. ಕೊಯ್ಲಿನಲ್ಲಿ ಬಗ್ಗಿ ನಿಂತು ಈ ತೆನೆ ಬಿತ್ತಿಗಿರಲಿ, ಇದು ಬೇಡ ಅಂತ ನೂರಾರು ವರ್ಷ ಆರಿಸಿದ ಕಣ್ಣುಗಳಿವೆ. ಆ ಕಣ್ಣು ಹೆಚ್ಚಾಗಿ ಮೂಲದಾಳುಗಳ ಮನೆಯ ಹೆಂಗಸರದ್ದು. ಬಿತ್ತಿನ ಮುಡಿ ಮಾತ್ರ ಗುತ್ತಿನ ಮನೆಯ ಅಟ್ಟದಲ್ಲಿ. ಕೃಷಿ ವಿಶ್ವವಿದ್ಯಾನಿಲಯದ ಪುಸ್ತಕಗಳಲ್ಲಿ ಈ ತಳಿಗಳಿಗೆ 'ಸ್ಥಳೀಯ' ಅಂತ ಹೆಸರು. ಸ್ಥಳ ಆರಿಸುವುದಿಲ್ಲ ಮಾರಾಯ್ರೆ, ಮನುಷ್ಯರು ಆರಿಸುತ್ತಾರೆ.

ಜೀವಿಗಳನ್ನು ವಿಂಗಡಿಸುವ ವಿದ್ಯೆ ನಮ್ಮ ನೆಲಕ್ಕೆ ಹೊಸದೇನಲ್ಲ. ಒಂದು ಇಂದ್ರಿಯದ ಜೀವ, ಎರಡು ಇಂದ್ರಿಯದ್ದು, ಐದು ಇಂದ್ರಿಯದ್ದು ಅಂತ ಎಣಿಸಿದ ಜೈನರ ದೊಡ್ಡ ಕೇಂದ್ರ ಮೂಡುಬಿದಿರೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಹಳಗನ್ನಡ ಲಿಪಿಯ ತಾಳೆಗರಿಗಳು ಉಳಿದದ್ದೇ ಅಲ್ಲಿಯ ಬಸದಿಯಲ್ಲಿ. ಆದರೆ ಬಹುಕಾಲ ಅವು ದೂರದಿಂದ ನೋಡಿ ಕೈಮುಗಿಯುವ ವಸ್ತುಗಳಾಗಿದ್ದವು. ಪ್ರತಿ ಎತ್ತುವ ಕೆಲಸ ಶುರುವಾದದ್ದು 1896ರಲ್ಲಿ, ಮುಗಿಯಲು 1922 ಆಯಿತು. ಅಚ್ಚಾಗತೊಡಗಿದ್ದು 1939ರಿಂದ. ಬಸದಿಯ ಜೈನ ಭಕ್ತನಿಗೇ ಹೀಗಾದರೆ ಹೊರಗೆ ನಿಂತವನ ಪಾಡು ಎಂಥದಿರಬಹುದು ನೋಡಿ. ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಆರತಿ ಎತ್ತುವ ಚಾಳಿ ಒಂದು ಮತದ್ದಲ್ಲ, ಇಡೀ ದೇಶದ್ದು.

ಇನ್ನು ಕಾಲೇಜುಗಳ ಕತೆ. ಮಂಗಳೂರಿನಲ್ಲಿ 1880ರಲ್ಲೇ ಸೇಂಟ್ ಅಲೋಶಿಯಸ್ ಇತ್ತು, ಆದರೆ ಪೇಟೆಗೆ ಹೋಗಿ ಓದುವುದು ಉಳ್ಳವರ ಮಾತು. ಕುದ್ಮುಲ್ ರಂಗರಾವ್ ಅದೇ ಮಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ಹೋಗಿ ಸ್ವಂತ ಜಾತಿಯವರಿಂದ ಬಹಿಷ್ಕಾರ ಉಂಡರು. 1897ರಲ್ಲಿ ಅವರು ಕಟ್ಟಿದ ಸಂಸ್ಥೆಯ ಶಾಲೆಗಳಲ್ಲಿ ಮೊದಲ ಅಕ್ಷರ ಕಂಡವರ ಮೊಮ್ಮಕ್ಕಳೂ ಡಿಗ್ರಿ ಕಾಣಲು ಕಾಯಬೇಕಾಯಿತು. ಮೂಡುಬಿದಿರೆ, ಉಜಿರೆ, ಬಂಟ್ವಾಳಗಳಲ್ಲಿ ಕಾಲೇಜು ಎದ್ದದ್ದು 1960ರ ದಶಕದಲ್ಲಿ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಂಗಳೂರಿಗೆ ಬಂತು. 1980ರಲ್ಲಿ ಅದೇ ಕೊಣಾಜೆಯ ಗುಡ್ಡದ ಮೇಲೆ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ನಡುವೆ 1974ರ ಭೂಸುಧಾರಣೆ. ಒಕ್ಕಲುಗಳಿಗೆ ನೆಲ ಸಿಕ್ಕಿತು, ಅವರ ಮಕ್ಕಳು ಬಿಎಸ್‌ಸಿಗೆ ಬಂದರು. ಗೇಣಿಚೀಟಿಯೇ ಇಲ್ಲದ ಆಳುಗಳಿಗೆ ಏನು ಸಿಕ್ಕಿತು? ಸಮಾಜ ಕಲ್ಯಾಣದ ಹಾಸ್ಟೆಲ್ ಸಿಕ್ಕಿತು. ನಮ್ಮಲ್ಲಿ ಹೆಚ್ಚಿನವರು ಆ ಹಾಸ್ಟೆಲಿನ ಅನ್ನ ಉಂಡು ಸಿಬಿಝಡ್ ಓದಿದವರು: ರಸಾಯನ, ಸಸ್ಯ, ಪ್ರಾಣಿ. ಕಪ್ಪೆ ಕೊಯ್ದೆವು, ಎಲೆ ಒತ್ತಿ ಹರ್ಬೇರಿಯಂ ಮಾಡಿದೆವು. ಎಲೆಯ ಲ್ಯಾಟಿನ್ ಹೆಸರಿಗೆ ಅಂಕ ಇತ್ತು, ನಮ್ಮ ಅಜ್ಜಿ ಅದಕ್ಕೆ ಹೇಳುತ್ತಿದ್ದ ತುಳು ಹೆಸರಿಗೆ ಇರಲಿಲ್ಲ.

ಆದರೂ ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ನಡೆದ ಒಳ್ಳೆಯ ಕೆಲಸವನ್ನು ಹೇಳದಿದ್ದರೆ ಅನ್ಯಾಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ರಾಜಶೇಖರಶೆಟ್ಟಿಯವರು ಹಣ್ಣಿನ ನೊಣದ ಅಧ್ಯಯನಕ್ಕೆ ನೆಲೆ ಹಾಕಿದರು. ಕೊಳೆತ ಬಾಳೆಹಣ್ಣಿಗೆ ಮುತ್ತುವ ಡ್ರೊಸೊಫಿಲ. ಅದಕ್ಕೆ ದೊಡ್ಡ ಯಂತ್ರ ಬೇಡ, ಹಾಲಿನ ಬಾಟಲಿ ಸಾಕು. ರಂಗನಾಥ್ ಮತ್ತು ಸಂಗಡಿಗರು ಎರಡು ಹತ್ತಿರದ ಬಳಗದ ನೊಣಗಳನ್ನು, ಎಂಟು ವರ್ಣತಂತುಗಳ ನಸುಟ ಮತ್ತು ಆರು ವರ್ಣತಂತುಗಳ ಆಲ್ಬೊಮಿಕನ್ಸ್, ಕೂಡಿಸಿದರು. ಹುಟ್ಟಿದ ಬೆರಕೆ ಸಂತತಿ ಸಾಯಲಿಲ್ಲ. ತಲೆಮಾರು ತಲೆಮಾರು ಬಾಳಿ ಬೇರೆಯೇ ವರ್ಣತಂತು ಜೋಡಣೆಯ ಹೊಸ ಬಳಗಗಳಾಗಿ ನಿಂತಿತು. ಹೊಸ ಜೀವಬಳಗ ಹುಟ್ಟುವ ಬಗೆಯನ್ನು ಕಣ್ಣೆದುರೇ ಕಂಡ ಅಪರೂಪದ ಪ್ರಯೋಗ ಅದು, ನಡೆದದ್ದು ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ. ಬೆರಕೆ ಅಂದರೆ ಕೆಡುಕು ಅಂತ ಧರ್ಮಶಾಸ್ತ್ರಗಳು ವರ್ಣಸಂಕರದ ಭಯ ಹುಟ್ಟಿಸಿದ ನಾಡು ಇದು. ನೊಣದ ಮಾತನ್ನು ಮನುಷ್ಯರಿಗೆ ಹಚ್ಚಬಾರದು, ಯಾಕೆಂದರೆ ನಾವೆಲ್ಲ ಮೊದಲೇ ಒಂದೇ ಪ್ರಭೇದ. ಆದರೂ ಹೇಳದೆ ಇರಲಾಗಲಿಲ್ಲ.

1983ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರು ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಅಲ್ಲಿಯ ರಾಘವೇಂದ್ರ ಗದಗ್ಕರ್ ಬದುಕಿನ ಬಹುಭಾಗವನ್ನು ಒಂದು ಕಣಜದ ಹುಳದ ಮೇಲೆ ಸವೆಸಿದ್ದಾರೆ. ರೊಪಾಲಿಡಿಯ ಮಾರ್ಜಿನೇಟ ಅಂತ ಅದರ ಹೆಸರು. ಮನೆಯ ಮಾಡಿನ ಅಡಿಯಲ್ಲಿ ಕಾಗದದಂಥ ಗೂಡು ಕಟ್ಟುತ್ತದೆ. ಜೇನು, ಇರುವೆ, ಕಣಜಗಳಲ್ಲಿ ರಾಣಿ ಬೇರೆ, ಕೆಲಸಗಾರ್ತಿ ಬೇರೆ. ಈ ವಿಭಾಗಕ್ಕೆ ಇಂಗ್ಲಿಷ್ ವಿಜ್ಞಾನಿಗಳು ಇಟ್ಟ ಹೆಸರು ಏನು ಗೊತ್ತುಂಟೆ? 'ಕಾಸ್ಟ್', ಜಾತಿ! ನಮ್ಮ ಕೊಳೆಯನ್ನು ಕೊಂಡುಹೋಗಿ ಹುಳಗಳಿಗೆ ಹಚ್ಚಿದರು. ಆದರೆ ಗದಗ್ಕರ್ ನೋಡಿದ ಈ ಹುಳದಲ್ಲಿ ರಾಣಿಗೂ ಕೆಲಸಗಾರ್ತಿಗೂ ಮೈಕಟ್ಟಿನಲ್ಲಿ ಭೇದವೇ ಇಲ್ಲ. ರಾಣಿ ಹೋದರೆ ಕೆಲಸಗಾರ್ತಿಯೊಬ್ಬಳು ರಾಣಿಯಾಗುತ್ತಾಳೆ. ಆಮೇಲೆ ರಾಣಿಯಾದವಳು ಹೊಡೆದು ಬಡಿದು ಆಳುವುದೂ ಇಲ್ಲ, ಗೂಡಿನಲ್ಲಿ ಎಲ್ಲರಿಗಿಂತ ಸಾಧು ಅವಳೇ.

ಅದೇ 1983ರಲ್ಲಿ ಗಾಡ್ಗೀಳರೂ ಕೈಲಾಸ್ ಮಲ್ಹೋತ್ರರೂ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಜಾತಿ ಪದ್ಧತಿಗೆ ಪರಿಸರದ ದೃಷ್ಟಿಯಿಂದ ಏನು ಪ್ರಯೋಜನ ಇದ್ದಿರಬಹುದು ಅಂತ ಅದರ ವಿಷಯ. ಒಂದು ಕಾಡಿನಲ್ಲಿ ಬೇರೆ ಬೇರೆ ಹಕ್ಕಿಗಳು ಬೇರೆ ಬೇರೆ ಆಹಾರಕ್ಕೆ ಒಗ್ಗಿಕೊಂಡು ಜಗಳವಿಲ್ಲದೆ ಬಾಳುತ್ತವೆ. ಹಾಗೆಯೇ ಒಂದು ಊರಿನ ಜಾತಿಗಳೂ ಒಬ್ಬರು ಮೀನು, ಒಬ್ಬರು ಬಿದಿರು, ಒಬ್ಬರು ಗದ್ದೆ ಅಂತ ಹಂಚಿಕೊಂಡವು. ತನ್ನ ಪಾಲು ಮುಂದಿನ ತಲೆಮಾರಿಗೂ ತನ್ನದೇ ಎಂದಾಗ ಹಿತಮಿತವಾಗಿ ಬಳಸಿದವು. ವಾದ ಇದು. 1992ರಲ್ಲಿ ರಾಮಚಂದ್ರ ಗುಹಾ ಜೊತೆ ಬರೆದ ಪುಸ್ತಕದಲ್ಲೂ ಇದು ಮುಂದುವರಿಯಿತು. ಅಲ್ಲಿ ಶ್ರೇಣಿಯ ಅನ್ಯಾಯವನ್ನೂ ಒಪ್ಪಿದ್ದಾರೆ, ಅಷ್ಟು ಹೇಳಬೇಕು.

ಗಾಡ್ಗೀಳರ ಮೇಲೆ ನಮಗೆ ಗೌರವ ಉಂಟು. ಎಸಿ ಕೋಣೆ ಬಿಟ್ಟು ಹಳ್ಳಿ ತಿರುಗಿದವರು. 2011ರ ಪಶ್ಚಿಮಘಟ್ಟದ ವರದಿಯಲ್ಲಿ ತೀರ್ಮಾನ ಗ್ರಾಮಸಭೆಗಳದ್ದಾಗಬೇಕು ಅಂತ ಹೇಳಿದವರು. ಆ ವರದಿ ಏನು ಹೇಳಿತು ಅಂತ ಕನ್ನಡದಲ್ಲಿ ಓದಿ ಹೇಳುವ ಮೊದಲೇ ಘಟ್ಟದ ಬುಡದ ಊರುಗಳಲ್ಲಿ ಭಯ ಬಿತ್ತಿದವರು ಬೇರೆಯವರು. ಆದರೆ ಆ 1983ರ ವಾದವನ್ನು ನಾವು ಒಪ್ಪುವುದಿಲ್ಲ. ಹಕ್ಕಿ ಕೊಂಬೆ ಬದಲಿಸಿದರೆ ಬೇರೆ ಹಕ್ಕಿಗಳು ಪಂಚಾಯಿತಿ ಸೇರಿಸಿ ಅದರ ಗೂಡು ಸುಡುವುದಿಲ್ಲ. ಕೊರಗ ಕಾಡುಬಳ್ಳಿಯ ಬುಟ್ಟಿಯನ್ನೇ ಹೆಣೆದದ್ದು ಬಳ್ಳಿಗೆ ಒಗ್ಗಿಕೊಂಡದ್ದರಿಂದ ಮಾತ್ರವೇ? ಗದ್ದೆ ಕೇಳಿದರೆ ಏನಾಗುತ್ತಿತ್ತು? ಉಗುರು, ಕೂದಲು ಸೇರಿಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕಾನೂನು ಬೇಕಾದದ್ದು 2000ದಲ್ಲಿ, ಸಾವಿರದ ಎಂಟುನೂರರಲ್ಲಿ ಅಲ್ಲ. ಹಸಿದವನು ಕಡಿಮೆ ಉಂಡದ್ದನ್ನು ವ್ರತ ಅಂತ ಬರೆದುಕೊಂಡ ಹಾಗಾಯಿತು. ಜಾತಿ ಕೆಲಸದ ಹಂಚಿಕೆ ಎನ್ನುವ ವಾದ ಹಳೆಯದು, ಅದು ಕೆಲಸ ಮಾಡುವ ಮನುಷ್ಯರನ್ನೇ ಹೋಳು ಮಾಡಿದೆ ಅಂತ ಅಂಬೇಡ್ಕರ್ 1936ರಲ್ಲಿ ಉತ್ತರ ಕೊಟ್ಟಾಗಿತ್ತು. ಪರಿಸರ ವಿಜ್ಞಾನದ ಕೋರ್ಸುಗಳಲ್ಲಿ ಆ ಪ್ರಬಂಧದ ಪಕ್ಕದಲ್ಲಿ ಈ ಉತ್ತರವನ್ನೂ ಇಡಬೇಕು ಎಂಬುದು ನಮ್ಮ ಬೇಡಿಕೆ. ಆ ತರಗತಿಗಳಲ್ಲಿ ನಮ್ಮ ಹುಡುಗರು ನಾಲ್ಕು ಜನ ಇದ್ದಿದ್ದರೆ ಬೇಡಿಕೆಯೇ ಬೇಕಾಗುತ್ತಿರಲಿಲ್ಲ.

ಇದೇ ಶಾಸ್ತ್ರ ನಮ್ಮ ಪರವಾಗಿಯೂ ನಿಲ್ಲುತ್ತದೆ, ಬಂಟ್ವಾಳದವರಿಗೆ ಇದು ಬೇಗ ಅರ್ಥವಾಗುತ್ತದೆ. ನೇತ್ರಾವತಿಗೆ ಸೇರುವ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯಲ್ಲಿ ಸರ್ಕಾರ 24 ಟಿಎಂಸಿ ನೀರಿದೆ ಅಂದಿತು. ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಜೊತೆಗಾರರು ಮಳೆ, ಕಾಡು, ಇಳಿಜಾರು ಲೆಕ್ಕಹಾಕಿ 2015ರಲ್ಲಿ ಹೇಳಿದ್ದು 9.55 ಟಿಎಂಸಿ. ಅದರಲ್ಲೂ ಹೊಳೆಯ ಮೀನಿಗೆ, ಕೆಳಗಿನ ಜನಕ್ಕೆ ಬಿಡಬೇಕಾದ್ದು ಬೇರೆ. ಸರ್ಕಾರ ಕೇಳಲಿಲ್ಲ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟಿತು. ಅದೇ ತಂಡ 2016ರಲ್ಲಿ ಪಶ್ಚಿಮಘಟ್ಟದ ಬಗ್ಗೆ ಸಮ್ಮೇಳನವನ್ನು ಮೂಡುಬಿದಿರೆಯಲ್ಲೇ ನಡೆಸಿತ್ತು.

ಬೆಳ್ತಂಗಡಿಯ ಕತೆ ಇನ್ನೂ ಗಂಟುಗಂಟು. 1983-84ರಲ್ಲಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಘಟ್ಟದ ಮಳೆಕಾಡು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲದ ಕೋತಿ ಅದು. ಆ ಅಧ್ಯಯನದ ಬೆನ್ನಿಗೆ 1987ರಲ್ಲಿ ಸುಮಾರು 600 ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಸಿಂಗಳೀಕ ಉಳಿಯಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಗೆರೆ ಎಳೆದಾಗ ಒಳಗೆ ಮಲೆಕುಡಿಯರ ಮನೆಗಳಿದ್ದವು. ಕಬ್ಬಿಣದ ಅದಿರಿನ ಕಂಪನಿಗೆ ಅದೇ ಬೆಟ್ಟ ಅಗೆಯಲು 2005ರ ಕೊನೆಯವರೆಗೂ ಅವಕಾಶ ಇತ್ತು, ಸುಪ್ರೀಂ ಕೋರ್ಟು ನಿಲ್ಲಿಸಬೇಕಾಯಿತು. ಜೇನು, ರಾಮಪತ್ರೆ ತರುವವನಿಗೆ ಮಾತ್ರ ಗೇಟು. ರಸ್ತೆ, ಕರೆಂಟು ಕೇಳಿದರೆ ಕಾಯ್ದೆ ತೋರಿಸಿದರು. ಆ ಕಾಡಂಚಿನಿಂದ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಹತ್ತಿ ಪತ್ರಿಕೋದ್ಯಮ ಓದುತ್ತಿದ್ದ ಹುಡುಗನೊಬ್ಬನನ್ನು 2012ರಲ್ಲಿ ನಕ್ಸಲ್ ನಂಟು ಅಂತ ತಂದೆಯ ಸಮೇತ ಬಂಧಿಸಿದರು. ಸಾಕ್ಷ್ಯ ಎಂದು ಹಿಡಿದದ್ದರಲ್ಲಿ ಭಗತ್ ಸಿಂಗನ ಪುಸ್ತಕವೂ ಇತ್ತು. ನ್ಯಾಯಾಲಯ ಇಬ್ಬರೂ ನಿರಪರಾಧಿಗಳು ಅಂತ ಹೇಳುವಾಗ 2021 ಆಗಿತ್ತು. ಒಂಬತ್ತು ವರ್ಷ!

ಈ ಕಾಡಿಗೆ ಸಂಶೋಧಕರು ಬರುತ್ತಾರೆ, ಬರಲಿ. ಯಾವ ಮರ ಯಾವ ತಿಂಗಳು ಹಣ್ಣು ಬಿಡುತ್ತದೆ, ಸಿಂಗಳೀಕ ಯಾವುದನ್ನು ಮೊದಲು ತಿನ್ನುತ್ತದೆ ಅಂತ ತೋರಿಸುವವನು ಮುಂದೆ ನಡೆಯುವ ಮಲೆಕುಡಿಯ. ಪ್ರಬಂಧ ಅಚ್ಚಾದಾಗ ಅವನು ಕೊನೆಯ ಪುಟದ ಕೃತಜ್ಞತೆಯಲ್ಲಿ 'ಸ್ಥಳೀಯ ಸಹಾಯಕ' ಆಗಿರುತ್ತಾನೆ, ಹೆಸರಿದ್ದರೆ ಅದೃಷ್ಟ. ಮುಂದೆ ನಡೆದವನ ಮಗ ಅದೇ ವಿಷಯದಲ್ಲಿ ಎಂಎಸ್‌ಸಿ ಸೇರಬೇಕಾದರೆ ಇಂಗ್ಲಿಷಿನಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು, ಇಂಗ್ಲಿಷಿನಲ್ಲೇ ಸಂದರ್ಶನ ಕೊಡಬೇಕು. ಕಾಡಿನಲ್ಲಿ ರಾತ್ರಿ ದಾರಿ ತಪ್ಪದೆ ಬರಬಲ್ಲೆಯಾ ಅಂತ ಯಾರೂ ಕೇಳುವುದಿಲ್ಲ.

ಈಗ ಮೂಗಿನ ಕಾಲ ಹೋಗಿ ವಂಶವಾಹಿಯ ಕಾಲ ಬಂದಿದೆ. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು ಸೇರಿ ಹೇಳಿದ್ದು: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ದೇಶದ ಜನ ಧಾರಾಳವಾಗಿ ಬೆರೆತಿದ್ದಾರೆ, ಆಮೇಲೆ ಬೆರೆಯುವುದು ನಿಂತಿದೆ. 2016ರಲ್ಲಿ ಪಾರ್ಥ ಮಜುಂದಾರ್ ತಂಡ, ಹಲವು ಮೇಲ್ಜಾತಿಗಳಲ್ಲಿ ಸುಮಾರು 70 ತಲೆಮಾರುಗಳ ಹಿಂದೆ ಬಾಗಿಲು ಮುಚ್ಚಿತು ಎಂದಿತು. ಸೃಷ್ಟಿಯಿಂದಲೇ ಜಾತಿ ಇತ್ತು ಎನ್ನುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕೆ? ಮೊದಲು ಬೆರೆತರು, ಆಮೇಲೆ ಯಾರೋ ಚಿಲಕ ಹಾಕಿದರು. ಚಿಲಕ ಹಾಕಿದ ಕಾಲವೂ ಮೈಯೊಳಗೆ ಬರೆದುಕೊಂಡಿದೆ.

ನಮ್ಮ ಕೊಣಾಜೆಯಲ್ಲೂ ಕೆಲಸ ನಡೆದಿದೆ. ಮಂಗಳೂರು ವಿಶ್ವವಿದ್ಯಾನಿಲಯದ ಆನ್ವಯಿಕ ಪ್ರಾಣಿಶಾಸ್ತ್ರ ವಿಭಾಗದ ಮುಸ್ತಾಕ್ ಮತ್ತು ಸಂಗಡಿಗರು ಕೊರಗರ ವಂಶವಾಹಿ ಅಭ್ಯಾಸ ಮಾಡಿ 2024ರಿಂದೀಚೆಗೆ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಸುಮಾರು 4,400 ವರ್ಷಗಳಷ್ಟು ಹಿಂದಿನ, ಇದುವರೆಗೆ ಗುರುತಿಸದ ಒಂದು ಪೂರ್ವಜ ಎಳೆ ಕೊರಗರಲ್ಲಿ ಕಾಣುತ್ತದೆ, ಅದಕ್ಕೆ ದ್ರಾವಿಡ ಭಾಷೆಗಳ ಮೂಲದೊಂದಿಗೆ ನಂಟಿರಬಹುದು ಎಂಬುದು ಅವರ ಮಾತು. ಕೊರಗ ಭಾಷೆಯ ವ್ಯಾಕರಣವನ್ನು ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಬರೆದಿದ್ದರು. ಥರ್ಸ್ಟನ್‌ನ ಅಳತೆಗೂ ಇದಕ್ಕೂ ಅಜಗಜಾಂತರ. ಇದು ಕೀಳು ಎಂದು ತೋರಿಸುವ ಲೆಕ್ಕವಲ್ಲ. ಆದರೆ ಪತ್ರಿಕೆಗಳಲ್ಲಿ ಇದು 'ಅತ್ಯಂತ ಪ್ರಾಚೀನ ಜನ' ಅಂತ ಆಗುವ ಅಪಾಯ ಇದೆ. ಪ್ರಾಚೀನ ಅಂದರೆ ನಮ್ಮವರ ಬಾಯಲ್ಲಿ ಹಿಂದುಳಿದದ್ದು ಅಂತಲೇ ಅರ್ಥ. ಜೀವವಿಕಾಸ ಶಾಸ್ತ್ರ ಹಾಗೆ ಹೇಳುವುದಿಲ್ಲ. ಒಂದು ಎಳೆ ಯಾವಾಗ ಬೇರೆಯಾಯಿತು ಅಂತ ಮಾತ್ರ ಅದು ಹೇಳುತ್ತದೆ; ಬೇರೆಯಾದ ಮೇಲೆ ಎರಡೂ ಎಳೆಗಳಿಗೆ ವಯಸ್ಸು ಒಂದೇ. ಗುತ್ತಿನ ಯಜಮಾನನಷ್ಟೇ ಹೊಸಬ ಕೊರಗ, ಕೊರಗನಷ್ಟೇ ಹಳಬ ಯಜಮಾನ.

2011ರ ಜನಗಣತಿಯಲ್ಲಿ ಕರ್ನಾಟಕ, ಕೇರಳ ಸೇರಿ ಕೊರಗರು 16 ಸಾವಿರದ ಆಸುಪಾಸು. ಆ ಪ್ರಬಂಧಗಳು ಇಂಗ್ಲಿಷಿನಲ್ಲಿವೆ. ಕೊಪ್ಪದ ಅಂಗಳದಲ್ಲಿ ಕೂತು ಅದನ್ನು ತುಳುವಿನಲ್ಲಿ ಹೇಳುವವರು ಯಾರು? ಕೊಟ್ಟ ಮಾದರಿ ಎಲ್ಲಿದೆ, ಇನ್ನು ಯಾವುದಕ್ಕೆ ಬಳಸುತ್ತೀರಿ ಅಂತ ಕೇಳುವ ಹಕ್ಕು ಅವರಿಗಿದೆ ಅಂತ ತಿಳಿಸುವವರು ಯಾರು? ಮುಂದಿನ ಪ್ರಬಂಧದಲ್ಲಿ ಒಬ್ಬ ಕೊರಗ ಹುಡುಗಿ ಲೇಖಕಿಯಾಗಿ ಇರುತ್ತಾಳೆಯೇ?

ಆ ಹುಡುಗಿ ಈಗ ಒಂಬತ್ತನೆಯಲ್ಲೋ ಹತ್ತನೆಯಲ್ಲೋ ಇರಬೇಕು. ಎನ್‌ಸಿಇಆರ್‌ಟಿ ಏನು ಮಾಡಿತು ನೋಡಿ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠವನ್ನೇ ತೆಗೆದುಹಾಕಿತು. ಕೊರೋನಾ ಕಾಲದಲ್ಲಿ ಹೊರೆ ಇಳಿಸುತ್ತೇವೆ ಅಂತ ಬಿಟ್ಟದ್ದು, ಹೊಸ ಪುಸ್ತಕದಲ್ಲಿ ಖಾಯಂ ಆಯಿತು. 2023ರ ಏಪ್ರಿಲಿನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಉಂಟಲ್ಲ ಎಂಬುದು ಉತ್ತರ. ಹತ್ತರ ಮೇಲೆ ಸೈನ್ಸ್ ತೆಗೆದುಕೊಳ್ಳುವವರು ಎಷ್ಟು ಜನ? ಕೊಪ್ಪದಿಂದ, ಕಾಲೊನಿಯಿಂದ ಎಷ್ಟು ಜನ? ಮನುಷ್ಯರೆಲ್ಲ ಒಂದೇ ಬೇರಿನವರು ಅಂತ ಪರೀಕ್ಷೆಗೆ ಬರುವ ಪಾಠವಾಗಿ ಓದಲು ಬಡವರ ಮಕ್ಕಳಿಗೆ ಇದ್ದ ಒಂದೇ ಅವಕಾಶ ಅದು.

ಹಳ್ಳಿ ಮೇಷ್ಟ್ರುಗಳಲ್ಲಿ ನಮ್ಮ ಮಾತು ಒಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿನ ಗಿಡ, ಮೀನು, ಭತ್ತ, ಮದ್ದು, ಅದನ್ನು ಬಲ್ಲವರ ಹೆಸರು ಬರೆಯುವ ಪುಸ್ತಕ ಅದು. ಕಪಾಟಿನಿಂದ ತೆಗೆಸಿ. ಬಲ್ಲವರ ಹೆಸರಿನ ಕಡೆ ಯಾರು ಯಾರು ಇದ್ದಾರೆ ಓದಿ. ಗುತ್ತಿನವರ, ಪಂಡಿತರ ಹೆಸರು ಮಾತ್ರ ಇದ್ದರೆ ಮಕ್ಕಳನ್ನು ಕರೆದುಕೊಂಡು ಕೊಪ್ಪಕ್ಕೆ ಹೋಗಿ. ಬುಟ್ಟಿಯ ಬಳ್ಳಿಯನ್ನು ಯಾವ ತಿಂಗಳು ಕೊಯ್ಯಬೇಕು, ಎಷ್ಟು ಬಿಟ್ಟರೆ ಮತ್ತೆ ಚಿಗುರುತ್ತದೆ ಅಂತ ಕೇಳಿ ಬರೆದುಕೊಳ್ಳಲಿ. ಹೇಳಿದವರ ಪೂರ್ತಿ ಹೆಸರು ಬರೆಯಿಸಿ, ಪೆನ್ಸಿಲಿನಲ್ಲಿ ಬೇಡ.